ನಾಲ್ಕು ನಿಮಿಷದ ಕಾಗದ

ಬುಧೋ ತಾಂಡೇಲ ಸತ್ತಿದ್ದ ಎಂಬುದಕ್ಕೆ
ನನ್ನ ಹತ್ತಿರ ಕಾಗದವಿದೆ.

ಬೆಳಿಗ್ಗೆ ಹನ್ನೊಂದು. ಬೈತಖೋಲದಿಂದ ತಂದರು
ಬಲೆಯ ಹಗ್ಗ ಕಾಲಿಗೆ ಸುತ್ತಿ ಕಡಲಿಗೆ ಬಿದ್ದವನನ್ನು
ಮೀನಿನ ಟೆಂಪೋದಲ್ಲೇ, ಬರ್ಫದ ಮೇಲೆ ತಾಡಪಾಲು ಹಾಸಿ.
ಎದೆಗೆ ಅಂಟಿಸಹೋದರೆ ಬಿಲ್ಲೆಗಳು ಜಾರಿದವು,
ಮೈತುಂಬ ತಾರಲೆಯ ಹುರುಪೆ.
ಒರೆಸಿ ಮತ್ತೆ ಅಂಟಿಸಿದೆ.
ಗೆರೆ ಗುಡ್ಡ ಹತ್ತಲಿಲ್ಲ, ಕಣಿವೆ ಇಳಿಯಲಿಲ್ಲ,
ಗಾಳಿಯಿಲ್ಲದ ದಿನದ ಕಡಲಂಚಿನ ಹಾಗೆ
ನೆಟ್ಟಗೆ ನಡೆಯಿತು.
ಡಾಕ್ಟರು ಒತ್ತಿದರು, ಒತ್ತಿದರು. ಪಕ್ಕೆಲುಬೊಂದು
ಲಟ್ಟೆಂದಿತು. ಸೆಬೆಸ್ತಾಂವ ಹಣೆಗೆ ಎದೆಗೆ ಶಿಲುಬೆ ಬರೆದುಕೊಂಡ.
ನಾಲ್ಕು ನಿಮಿಷ. ಆಮೇಲೆ ಗೆರೆ
ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ
ಗಕ್ಕನೆ ನಿಂತು
ಒಂದು ಸಲ ಎದ್ದು ಕೂತಿತು.

ಮುಂದೆ ಹದಿನೈದು ದಿನ ವಾರ್ಡು ಮೀನುಪೇಟೆ.
ಕೋಡಿಬಾಗದಿಂದ, ಮಾಜಾಳಿಯಿಂದ, ಕಾಳಿ ದಾಟಿ ಸದಾಶಿವಗಡದಿಂದ
ಎಳನೀರು ಹಿಡಿದು ಬಂದವರೆಲ್ಲ ಕೇಳುವುದು ಅದನ್ನೇ:
ಬೆಳಕು ಕಂಡಿತೇನೋ? ಯಾರು ಕರೆದರು?
ಗಂಡನನ್ನು ಕಡಲಿಗೆ ಕೊಟ್ಟ ಶೆವಂತಿಗೆ ಅಂದ:
ಇದ್ದಾನೆ, ಬೀಡಿ ಬಿಟ್ಟಿದ್ದಾನೆ.
ಪಾದ್ರಿಗಳಿಗೆ: ತೋಟವಿತ್ತು, ಗೇಟು ಹಾಕಿತ್ತು.
ಭಟ್ಟರಿಗೆ: ಹೊಳೆಯಿತ್ತು, ಬಾಲ ಹಿಡಿಯಲು ಆಕಳಿರಲಿಲ್ಲ,
ತಿರುಗಿ ಬಂದೆ.
ಬೋಟಿನ ಮಾಲಕನಿಗೆ ಮಾತ್ರ ಕೈ ಮುಗಿದು:
ಅಲ್ಲೂ ಲೆಕ್ಕ ಬರೆಯುತ್ತಾರೆ, ಸಾವಕಾರ್ರೆ.

ನಾನು ಬಾಗಿಲಲ್ಲಿ ನಗುತ್ತಿದ್ದೆ. ನನಗೆ ಗೊತ್ತು,
ರಕ್ತ ತಲುಪದ ಮಿದುಳು ರಾತ್ರಿ ಮುಚ್ಚುವ ಅಂಗಡಿ,
ಅಂಚಿನ ದೀಪಗಳನ್ನು ಮೊದಲು ಆರಿಸುತ್ತಾರೆ,
ನಡುವಿನದೊಂದು ಕೊನೆತನಕ ಉಳಿಯುತ್ತದೆ.
ಅದೇ ಸುರಂಗ, ಅದೇ ಬೆಳಕು.
ಹದಿನೇಳು ವರ್ಷ ಗೆರೆ ನೋಡಿದವಳು ನಾನು.
ಗೆರೆ ಮುಗಿದ ಮೇಲೆ ಬರೀ ಕಾಗದ,
ಅದೂ ತೀರಿದರೆ ಇಂಡೆಂಟು ಹಾಕಿ
ಮೂರು ತಿಂಗಳು ಕಾಯಬೇಕು.

ಡಿಸ್ಚಾರ್ಜಿನ ದಿನ ಕೊನೆಯ ಸಲ ಬಿಲ್ಲೆ ಅಂಟಿಸುತ್ತ
ಯಾರೂ ಇಲ್ಲವೆಂದು ನೋಡಿ, ನನಗೇ ಕೇಳಿಸದ ಹಾಗೆ ಕೇಳಿದೆ:
ಕುಳ್ಳಗಿನ ಹೆಂಗಸು. ಎಡಗಣ್ಣಿಗೆ ಪೊರೆ.
ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಕೊಡೆ.
ಇದೇ ವಾರ್ಡಿನಲ್ಲಿ ಹೋದಳು. ನಾನು ಪಕ್ಕದ ಕೋಣೆಯಲ್ಲಿ
ಇನ್ಯಾರದೋ ಗೆರೆ ತೆಗೆಯುತ್ತಿದ್ದೆ.

ಬುಧೋ ಬಹಳ ಹೊತ್ತು ಫ್ಯಾನು ನೋಡಿದ.
ನೀವು ಕಾಗದ ಕಂಡವರು, ಬಾಯಿ.
ನಿಮಗೆ ಸುಳ್ಳು ಹೇಳಲಿಕ್ಕಾಗುವುದಿಲ್ಲ.
ಏನೂ ಇರಲಿಲ್ಲ.

ಸಿಟ್ಟು ಬಂತು. ಬಿಲ್ಲೆ ಕಿತ್ತ ರಭಸಕ್ಕೆ
ಎದೆಯ ಕೂದಲೂ ಕಿತ್ತು ಬಂತು.
ಶೆವಂತಿಗೆ ಕೊಟ್ಟೆ, ಆ ಸಾವಕಾರನಿಗೂ ಕೊಟ್ಟೆ,
ನನಗೊಬ್ಬಳನ್ನು ಕೊಡೆಯೊಡನೆ ನಿಲ್ಲಿಸಿಕೊಡಲು
ನಿನ್ನ ಗಂಟೇನು ಹೋಗುತ್ತಿತ್ತು?
ಬಾಯಿ ಬಿಟ್ಟು ಅನ್ನಲಿಲ್ಲ.
ಅವನು ಅಂಗಿಯ ಗುಂಡಿ ಹಾಕುತ್ತ
ಚಪ್ಪಲಿ ಹುಡುಕುತ್ತ ಅಂದ:
ಹಾಂ, ದೇವಗಡದ ದೀಪ ಮಾತ್ರ ಕಂಡಿತು.
ಒಂದು ಸುತ್ತು ಸುತ್ತಿತು.
ದಂಡೆ ಇನ್ನೆಷ್ಟು ದೂರ ಅಂತ ಅಂದಾಜು ಹಾಕ್ತಾ ಇದ್ದೆ.

ಹಗಲು ಹನ್ನೊಂದು! ಆ ದೀಪ ಹೊತ್ತುವುದು ಸಂಜೆ.
ಇದಕ್ಕೂ ಉತ್ತರವಿದೆ ನನ್ನಲ್ಲಿ:
ಮೂವತ್ತು ವರ್ಷ ಅದನ್ನೇ ನೋಡಿ ಮನೆಗೆ ಮರಳಿದ ಕಣ್ಣು
ಆರುವಾಗ ಬೇರೇನು ಕಂಡೀತು?
ಉತ್ತರ ಸರಿಯಾಗೇ ಇದೆ.
ಯಾವ ದಂಡೆ ಎಂದು ಕೇಳಬೇಕಿತ್ತು.
ಅಷ್ಟರಲ್ಲಿ ಅವನ ಹೆಂಡತಿ ಆಟೋ ತಂದಿದ್ದಳು.

ಎರಡು ಮಳೆಗಾಲ ಕಳೆದವು.
ಬುಧೋ ಕಡಲಿಗೆ ಹೋಗುತ್ತಾನೆ,
ಆಗಾಗ ಲೇಪೆ ಕಳಿಸುತ್ತಾನೆ, ದುಡ್ಡು ಮುಟ್ಟುವುದಿಲ್ಲ.
ನಿನ್ನೆ ಕಪಾಟು ತೆಗೆದು ಕಾಗದ ಬಿಡಿಸಿದೆ.
ಶಾಯಿಯಲ್ಲಿ ಬರೆದದ್ದಲ್ಲ ಅದು, ಶಾಖದಲ್ಲಿ. ಮಾಸುತ್ತದೆ.
ಗುಲಾಬಿ ಚೌಕುಳಿಗಳು ಹಾಗೇ ಇವೆ,
ನೆಟ್ಟಗೆ ನಡೆದ ಗೆರೆ ಹೋಗಿದೆ,
ಎದ್ದು ಕೂತ ಗೆರೆಯೂ ಹೋಗಿದೆ.
ಎಲ್ಲಿಗೆ ಸತ್ತ, ಎಲ್ಲಿಂದ ಬದುಕಿದ,
ಬೆರಳಿಟ್ಟು ತೋರಿಸಲಾರೆ ಯಾರಿಗೂ.
ಅಂಚಿನಲ್ಲಿ ಒಂದು ಹುರುಪೆ ಅಂಟಿಕೊಂಡಿದೆ,
ಕಿಟಕಿಗೆ ಹಿಡಿದರೆ ಮಿಂಚುತ್ತದೆ.

ಮಿಂಚುವುದಕ್ಕೂ ಕಾರಣವಿದೆ,
ನನಗೆ ಗೊತ್ತು.